ಕೃಷಿ ಮಾರಾಟ ಮಾಹಿತಿ ಜಾಲತಾಣಗಳು (ಕರ್ನಾಟಕ)

ಕೃಷಿ ಮಾರಾಟ ಮಾಹಿತಿ ಜಾಲತಾಣಗಳು ಎಂದರೆ ಕೃಷಿ ಉತ್ಪನ್ನಗಳ ಆವಕ, ಧಾರಣೆ, ಗುಣಮಟ್ಟ ಮತ್ತು ಮಾರಾಟದ ವಿಧಾನಗಳನ್ನು ಅಂತರಜಾಲದ ಮೂಲಕ ತಿಳಿಸುವ ಸಾರ್ವಜನಿಕ ಸೇವೆಗಳು. ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕುಗಳಲ್ಲಿ ಇವುಗಳಿಗೆ ವಿಶೇಷ ಮಹತ್ವವಿದೆ. ರಾಯಬಾಗ ತಾಲ್ಲೂಕಿನ ಪಾಲಬಾವಿಯಂಥ ಗ್ರಾಮಗಳ ಬೆಳೆಗಾರರಿಗೆ ಕರ್ನಾಟಕದ ಮಾರುಕಟ್ಟೆಗಳಂತೆಯೇ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಲಾಪುರಗಳ ಪೇಟೆಗಳೂ ಎಟಕುವ ದೂರದಲ್ಲಿವೆ. ಆದುದರಿಂದ ಸರಕನ್ನು ವಾಹನಕ್ಕೆ ಹೇರುವ ಮೊದಲು ಎರಡೂ ಕಡೆಯ ಧಾರಣೆಯನ್ನು ಅರಿಯುವುದು ಅವಶ್ಯಕವಾಗುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಕೃಷಿ ಉತ್ಪನ್ನಗಳ ನಿಯಂತ್ರಿತ ಮಾರಾಟಕ್ಕೆ 1966ರ ಅಧಿನಿಯಮವು ಆಧಾರವಾಗಿದ್ದು, ಅದರಡಿಯಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು ಕಾರ್ಯನಿರ್ವಹಿಸುತ್ತವೆ. ಅಂತರಜಾಲ ಬರುವ ಮೊದಲು ಪೇಟೆ ಧಾರಣೆಯು ಆಕಾಶವಾಣಿ, ದಿನಪತ್ರಿಕೆ ಅಥವಾ ದಲಾಲರ ಮಾತಿನಿಂದ ಮಾತ್ರ ತಿಳಿಯುತ್ತಿತ್ತು. ಕೊಳ್ಳುವವನಿಗೆ ತಿಳಿದಷ್ಟು ಮಾರುವವನಿಗೆ ತಿಳಿಯದಿರುವುದು ಬೆಳೆಗಾರನ ಚೌಕಾಸಿಯ ಬಲವನ್ನು ಕುಗ್ಗಿಸುತ್ತಿತ್ತು.

ಪ್ರಮುಖ ಸೇವೆಗಳು

• ಆಗ್‌ಮಾರ್ಕ್‌ನೆಟ್: ಕೇಂದ್ರ ಸರ್ಕಾರದ ಮಾರಾಟ ಮತ್ತು ತಪಾಸಣಾ ನಿರ್ದೇಶನಾಲಯವು 2000ದಲ್ಲಿ ಆರಂಭಿಸಿತು. ದೇಶದ ವಿವಿಧ ಮಾರುಕಟ್ಟೆಗಳ ದೈನಂದಿನ ಆವಕ ಹಾಗೂ ಧಾರಣೆ ಇಲ್ಲಿ ದೊರೆಯುತ್ತದೆ. ಹಿಂದಿನ ವರ್ಷಗಳ ಅಂಕಿಅಂಶಗಳೂ ಇರುವುದರಿಂದ ಯಾವ ತಿಂಗಳಲ್ಲಿ ಬೆಲೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಹೋಲಿಸಿ ನೋಡಬಹುದು.

• ಕೃಷಿ ಮಾರಾಟ ವಾಹಿನಿ: ಕರ್ನಾಟಕದ ಮಾರುಕಟ್ಟೆಗಳ ಧಾರಣೆಯನ್ನು ಕನ್ನಡದಲ್ಲಿಯೇ ನೀಡುವ ರಾಜ್ಯದ ಜಾಲತಾಣ.

• ಏಕೀಕೃತ ಮಾರುಕಟ್ಟೆ ವೇದಿಕೆ: 2014ರಲ್ಲಿ ಆರಂಭವಾದ ರಾಜ್ಯದ ಆನ್‌ಲೈನ್ ಟೆಂಡರ್ ವ್ಯವಸ್ಥೆ. ಮಾರುಕಟ್ಟೆಗೆ ಬಂದ ಪ್ರತಿ ರಾಶಿಗೂ ಲಾಟ್ ಸಂಖ್ಯೆ ನೀಡಲಾಗುತ್ತದೆ. ವರ್ತಕರು ಪರಸ್ಪರರ ಬೆಲೆ ಕಾಣದಂತೆ ಗಣಕಯಂತ್ರದ ಮೂಲಕ ಬೆಲೆ ನಮೂದಿಸುತ್ತಾರೆ. ಅತ್ಯಧಿಕ ಬೆಲೆಯನ್ನು ಒಪ್ಪುವ ಅಥವಾ ನಿರಾಕರಿಸುವ ಹಕ್ಕು ಬೆಳೆಗಾರನದು.

• ಇ-ನಾಮ್: 2016ರ ಏಪ್ರಿಲ್ 14ರಂದು ಉದ್ಘಾಟನೆಗೊಂಡ ರಾಷ್ಟ್ರೀಯ ಕೃಷಿ ಮಾರುಕಟ್ಟೆ. 2020ರ ಮೇ ವೇಳೆಗೆ 1,000 ಮಾರುಕಟ್ಟೆಗಳು ಇದರಲ್ಲಿ ಸೇರಿದ್ದವು. ಅದೇ ತಿಂಗಳಲ್ಲಿ ಕರ್ನಾಟಕದ ವೇದಿಕೆಯೊಡನೆ ಇದನ್ನು ಜೋಡಿಸಲಾಯಿತು.

• ಸ್ವಯಂ: 2017ರಲ್ಲಿ ಆರಂಭವಾದ ಕೇಂದ್ರದ ಶಿಕ್ಷಣ ತಾಣ. ಮಾರುಕಟ್ಟೆ ನಿರ್ವಹಣೆಯ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕವಿರುತ್ತದೆ.

ಅಂತರಜಾಲದ ಸೌಲಭ್ಯವಿಲ್ಲದವರು 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್‌ಗೆ ಶುಲ್ಕರಹಿತವಾಗಿ ದೂರವಾಣಿ ಕರೆ ಮಾಡಿ ಮಾಹಿತಿ ಪಡೆಯಬಹುದು.

ಧಾರಣೆಯನ್ನು ಓದುವ ಕ್ರಮ

ಧಾರಣೆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕನಿಷ್ಠ, ಗರಿಷ್ಠ ಹಾಗೂ ಮಾದರಿ ಎಂಬ ಮೂರು ಬೆಲೆಗಳಿರುತ್ತವೆ. ಗರಿಷ್ಠ ಬೆಲೆಯು ಕೆಲವೇ ಉತ್ತಮ ರಾಶಿಗಳಿಗೆ ದೊರೆತಿರಬಹುದು. ಹೆಚ್ಚಿನ ಮಾಲು ಯಾವ ದರದಲ್ಲಿ ಮಾರಾಟವಾಯಿತೆಂಬುದನ್ನು ಸೂಚಿಸುವುದು ಮಾದರಿ ಬೆಲೆ. ಬೆಳೆಗಾರನು ಲೆಕ್ಕ ಹಾಕಬೇಕಾದದ್ದು ಇದರಿಂದಲೇ. ದಿನಾಂಕ, ತಳಿ ಮತ್ತು ತೇವಾಂಶವನ್ನೂ ಗಮನಿಸಬೇಕು. ಉದಾಹರಣೆಗೆ, ದೂರದ ಪೇಟೆಯಲ್ಲಿ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ ₹100 ಹೆಚ್ಚಿದ್ದರೆ 20 ಕ್ವಿಂಟಲ್‌ಗೆ ₹2,000 ಹೆಚ್ಚು ಬರುತ್ತದೆ. ಹೆಚ್ಚುವರಿ ಸಾಗಣೆ ವೆಚ್ಚ ₹1,500 ಆದರೆ ಉಳಿಯುವುದು ₹500 ಮಾತ್ರ. ಹಮಾಲಿ, ತೂಕದ ವೆಚ್ಚಗಳು ಇದರಲ್ಲಿಯೇ ಸಲ್ಲಬೇಕು.

ಮಿತಿಗಳು

ಈ ಭಾಗದ ಮುಖ್ಯ ಬೆಳೆಯಾದ ಕಬ್ಬು ಮಾರುಕಟ್ಟೆ ಸಮಿತಿಯ ಹರಾಜಿಗೆ ಬಾರದೆ ನೇರವಾಗಿ ಕಾರ್ಖಾನೆಗೆ ಹೋಗುತ್ತದೆ. ಆದ್ದರಿಂದ ಮೇಲಿನ ತಾಣಗಳ ಧಾರಣೆ ಪಟ್ಟಿ ಕಬ್ಬು ಬೆಳೆಗಾರನಿಗೆ ನೆರವಾಗುವುದಿಲ್ಲ. ಕೇಂದ್ರವು ಪ್ರಕಟಿಸುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ 2025-26ರ ಹಂಗಾಮಿಗೆ ಕ್ವಿಂಟಲ್‌ಗೆ ₹355 ಆಗಿದ್ದು, ಅದು ಶೇ. 10.25 ಸಕ್ಕರೆ ಇಳುವರಿಗೆ ಅನ್ವಯಿಸುತ್ತದೆ. ಅದು ಕಾರ್ಖಾನೆಯ ಬಾಗಿಲಿನ ಬೆಲೆ. ಕಟಾವು ಮತ್ತು ಸಾಗಣೆ ವೆಚ್ಚ ಕಳೆದ ಮೇಲೆ ಕೈಗೆ ಬರುವ ಹಣ ಬೇರೆಯೇ ಆಗಿರುತ್ತದೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಬೆಳೆಗಾರರು ಟನ್‌ಗೆ ₹3,500 ಬೇಡಿಕೆಯಿಟ್ಟು ಹೋರಾಟ ನಡೆಸಿದರು. ಕಬ್ಬು (ನಿಯಂತ್ರಣ) ಆದೇಶ, 1966ರ ಪ್ರಕಾರ ಕಬ್ಬು ತಲುಪಿದ 14 ದಿನಗಳಲ್ಲಿ ಹಣ ಪಾವತಿಯಾಗಬೇಕು. ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸಲ್ಲಬೇಕು.

ಇವನ್ನೂ ನೋಡಿ

• ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ
• ಕನಿಷ್ಠ ಬೆಂಬಲ ಬೆಲೆ
• ರಾಯಬಾಗ