ತಗ್ಗಿದ ತಂತಿ, ತಡವಾಗಿ ಬಂದ ಆಲ್ಬಮ್

ಬೆಂಗಳೂರಿನ ರಾಕ್ ಕೇಳುಗರಿಗೆ ಬ್ಲ್ಯಾಕ್ ಸಬತ್ ಹೊಸದೇನಲ್ಲ. ಕ್ಯಾಸೆಟ್ ಕಾಲದಲ್ಲೇ ಜಯನಗರ, ಬನಶಂಕರಿಯ ಹುಡುಗರು ಆ ತಂಡದ ಹಾಡುಗಳನ್ನು ನಕಲು ಮಾಡಿ ಹಂಚಿಕೊಂಡು ಕೇಳುತ್ತಿದ್ದರು. ಆದರೂ ಸಬತ್‌ನಿಂದ ಹುಟ್ಟಿದ ನಿಧಾನದ, ಮಂದ್ರದ ಸ್ಟೋನರ್ ರಾಕ್ ಈ ಊರಲ್ಲಿ ನೆಲೆಯೂರಿದ್ದು, ನನ್ನ ಲೆಕ್ಕದಲ್ಲಿ, 2012ರಲ್ಲಿ. ಬೇವರ್ ಸೀ ತಂಡ ತನ್ನದೇ ಹೆಸರಿಟ್ಟು ಮೊದಲ ಆಲ್ಬಮ್ ತಂದ ವರ್ಷ ಅದು.

ಈ ಸಂಗೀತದ ಮೂಲದಲ್ಲಿ ಒಂದು ಅಪಘಾತವಿದೆ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಸಬತ್‌ನ ಗಿಟಾರ್ ವಾದಕ ಟೋನಿ ಅಯೋಮಿಯ ಬಲಗೈಯ ಎರಡು ಬೆರಳ ತುದಿಗಳು ತುಂಡಾದವು. ಆತ ಎಡಚ, ತಂತಿ ಒತ್ತಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳುವಾದ ತಂತಿ ಕಟ್ಟಿದ. ಮುಂದೆ ತಂತಿಗಳ ಬಿಗಿಯನ್ನೂ ಸಡಿಲಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್‌ನ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿದಿದೆ. ಇಪ್ಪತ್ತು ವರ್ಷದ ನಂತರ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಕ್ಯೂಸ್ ತಂಡ ಜನರೇಟರ್ ಹಚ್ಚಿಕೊಂಡು ಬಯಲಲ್ಲಿ ನುಡಿಸಿತು. ಅದರ ಜೋಶ್ ಹೋಮಿ ಗಿಟಾರನ್ನು ಬೇಸ್ ಆಂಪ್ಲಿಫೈಯರ್‌ಗೆ ಜೋಡಿಸಿದ. ಅದೇ ಸುಮಾರಿಗೆ ಸ್ಲೀಪ್ ತಂಡ ಒಂದೇ ರಿಫ್ ಅನ್ನು, ಅಂದರೆ ಗಿಟಾರಿನ ಪುಟ್ಟ ಸ್ವರಗುಚ್ಛವನ್ನು, ಜಪದಂತೆ ಮರಳಿ ಮರಳಿ ನುಡಿಸುವ ಧೈರ್ಯ ತೋರಿತು.

ಬೆಂಗಳೂರಿನಲ್ಲಿ ಗಾಳಿ ಬೇರೆ ಕಡೆಗೆ ಬೀಸುತ್ತಿತ್ತು. 1988ರಲ್ಲಿ ಹುಟ್ಟಿದ ಮಿಲೇನಿಯಂ, 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡಗಳು ಇಲ್ಲಿ ಹೆವಿ ಮೆಟಲ್ ಬೇರೂರಿಸಿದವು. ಆದರೆ ಹೊಸ ತಂಡಗಳು ಬೆಳೆದದ್ದು ಕಾಲೇಜು ಉತ್ಸವಗಳ ಸ್ಪರ್ಧೆಗಳಲ್ಲಿ. ಕೊಟ್ಟ ಅಲ್ಪ ಸಮಯದಲ್ಲಿ ಕೈಚಳಕ ತೋರಿಸಿ ತೀರ್ಪುಗಾರರನ್ನು ಒಲಿಸಬೇಕಾದವರು ವೇಗವನ್ನೇ ನೆಚ್ಚುತ್ತಾರೆ. ಹತ್ತು ನಿಮಿಷದ ಹಾಡಿಗೆ ಅಲ್ಲಿ ಜಾಗವೆಲ್ಲಿ? 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಕೇಳುಗರ ಸಂಖ್ಯೆ ಎಷ್ಟೆಂದು ಕಣ್ಣಿಗೇ ಕಂಡಿತು. ತಾಳ್ಮೆಯ ಸಂಗೀತ ಮಾತ್ರ ಇನ್ನೂ ಬರಬೇಕಿತ್ತು.

ಬೇವರ್ ಸೀ ಆಲ್ಬಮ್‌ನಲ್ಲಿರುವುದು ನಾಲ್ಕೇ ಹಾಡು, ಆತುರವಿಲ್ಲದ ಉದ್ದನೆಯ ಹಾಡುಗಳು. ಕ್ರಿಪ್ಟೋಸ್ ಕಟ್ಟಿದವರಲ್ಲಿ ಒಬ್ಬರಾದ ಗಣೇಶ್ ಕೃಷ್ಣಸ್ವಾಮಿ ಇಲ್ಲಿ ಗಾಯಕ. ಸ್ಲೀಪ್ ತಂಡದ ಜೊತೆ ದುಡಿದಿದ್ದ ಬಿಲ್ಲಿ ಆಂಡರ್ಸನ್ ಕೈಯಲ್ಲಿ ಧ್ವನಿ ಹದಗೊಂಡಿತು. ಎರಡು ಗಿಟಾರುಗಳು ಒಂದೇ ರಿಫ್ ಹಿಡಿದು ನಡೆಯುವಾಗ ಡ್ರಮ್ಮು ಅವಸರಿಸುವುದಿಲ್ಲ; ಪೆಟ್ಟಿಗೂ ಪೆಟ್ಟಿಗೂ ನಡುವೆ ತಂತಿಯ ಗುಂಯ್‌ಗುಟ್ಟುವಿಕೆ ಪೂರ್ತಿ ಕೇಳುತ್ತದೆ. ಹಾಡುವುದು ಇಂಗ್ಲಿಷ್‌ನಲ್ಲೇ ಆದರೂ ತಂಡದ ಹೆಸರಲ್ಲಿ ನಮ್ಮ ಬೀದಿಯ ಬೈಗುಳವಿದೆ, ಒಂದು ಹಾಡಿನ ಹೆಸರು ‘ಅಬಿಷ್ಟು’. ಬಸವನಗುಡಿ, ಜಯನಗರದ ಮನೆಗಳಲ್ಲಿ ಆ ಮಾತನ್ನು ಕೇಳಿ ಬೆಳೆದವರಿಗೆ ಅದೆಷ್ಟು ಹತ್ತಿರದ್ದು ಎಂದು ಬೇರೆ ಹೇಳಬೇಕಿಲ್ಲ. ಈ ಆಲ್ಬಮ್ ನನಗೆ ಪ್ರಿಯವಾದದ್ದು ಆ ಹೆಸರುಗಳಿಗಿಂತ ಹೆಚ್ಚಾಗಿ ಅದರ ಸಾವಧಾನಕ್ಕೆ.

ಆಮೇಲೆ ದಾರಿ ಸಲೀಸಾಯಿತು. 2013ರಲ್ಲಿ ಜಿನ್ ಆಂಡ್ ಮಿಸ್ಕಟಾನಿಕ್ ತಂಡ ಗಿಟಾರನ್ನೇ ಬಿಟ್ಟು ಬೇಸ್, ಡ್ರಮ್ಮು, ಕಂಠ ಇಷ್ಟರಲ್ಲೇ ‘ಫಾರೆವರ್ ಇನ್ ದ ರೆಲ್ಮ್’ ತಂದಿತು. ಬೇವರ್ ಸೀಯ ಡ್ರಮ್ಮರ್ ದೀಪಕ್ ರಘು ಇದ್ದ ಶೆಪರ್ಡ್ ತಂಡದ ಒರಟು ಆಲ್ಬಮ್ 2015ರಲ್ಲಿ ಬಂತು. ಅದೇ ವರ್ಷ ಬೇವರ್ ಸೀಯ ಎರಡನೆಯದು, ‘ಇನ್ವೋಕ್ ದ ಬಿಜಾರ್’.

ತಂಡಗಳು ಹೆಚ್ಚಿದರೂ ವೇದಿಕೆಗಳು ಹೆಚ್ಚಲಿಲ್ಲ. ಜಯನಗರ, ಬನಶಂಕರಿಯ ಕೇಳುಗರು ಇಂದಿರಾನಗರಕ್ಕೋ ವೈಟ್‌ಫೀಲ್ಡ್‌ಗೋ ಹೋಗಬೇಕಿತ್ತು. ಸಾರ್ವಜನಿಕ ಮನರಂಜನೆಗೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಪಬ್, ಹೋಟೆಲುಗಳ ಸಂಗೀತಕ್ಕೂ ಪೆಟ್ಟು ಬಿತ್ತು. ಆದರೆ ನಿಧಾನಕ್ಕೆ ಕಿವಿಗೊಡುವುದು ದಕ್ಷಿಣ ಬೆಂಗಳೂರಿಗೆ ಹೊಸದಲ್ಲ. ಗಾಯನ ಸಮಾಜದಲ್ಲಿ ವಿಳಂಬ ಕಾಲದ ಕೃತಿಗೆ ತಲೆದೂಗುವ ಊರು ಇದು. ನಾಟಕಕ್ಕೆಂದು 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಎದ್ದಿತು. ಈ ಸಂಗೀತಕ್ಕೂ ಅಂಥದ್ದೊಂದು ಸಭಾಂಗಣ ಇಲ್ಲೇ ಬೇಕು: ಶಬ್ದ ಅಕ್ಕಪಕ್ಕದ ಮನೆಗೆ ಸೋರದ ಗೋಡೆ, ಬೇಸ್ ಸ್ಪಷ್ಟವಾಗಿ ಕೇಳಿಸುವ ಸ್ಪೀಕರುಗಳು, ವಿದ್ಯಾರ್ಥಿಗಳ ಕೈಗೆಟುಕುವ ಟಿಕೆಟ್ಟು, ಮನೆಗೆ ಬಸ್ಸು ಸಿಗುವ ಹೊತ್ತಿಗೆ ಮುಗಿಯುವ ಕಛೇರಿ.