ಸಂಸ್ಥೆಯ ಅರಿವಿಗೆ ಹೊಣೆ ಯಾರು? ಜ್ಞಾನ ನಿರ್ವಹಣೆಯಲ್ಲಿ ಮಾಹಿತಿ ವೃತ್ತಿಪರರ ಸ್ಥಾನ

1962ರಲ್ಲಿ ಎಸ್. ಆರ್. ರಂಗನಾಥನ್ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಕಾರ್ಖಾನೆ, ಪ್ರಯೋಗಾಲಯಗಳಲ್ಲಿ ದುಡಿಯುವ ತಜ್ಞರಿಗೆ ಬೇಕಾದ ಮಾಹಿತಿಯನ್ನು ಬೇಕಾದ ಹೊತ್ತಿಗೆ ಒದಗಿಸಬಲ್ಲವರನ್ನು ಸಿದ್ಧಪಡಿಸುವುದು ಅದರ ಉದ್ದೇಶಗಳಲ್ಲಿ ಮುಖ್ಯವಾದದ್ದು. ಮೂವತ್ತು ವರ್ಷಗಳ ತರುವಾಯ, 1992ರಲ್ಲಿ, ಅದೇ ಊರಿನ ಇನ್ಫೋಸಿಸ್ ಕಂಪನಿ ತನ್ನ ಎಂಜಿನಿಯರುಗಳ ಅನುಭವವನ್ನು ಬರಹಕ್ಕಿಳಿಸಿ ಎಲ್ಲರಿಗೂ ಸಿಗುವಂತೆ ಮಾಡುವ ‘ಬಾಡಿ ಆಫ್ ನಾಲೆಡ್ಜ್’ ಎಂಬ ವ್ಯವಸ್ಥೆಗೆ ಕೈಹಾಕಿತು. ಮೊದಲನೆಯದು ಗ್ರಂಥಾಲಯ ವಿಜ್ಞಾನದ ಪರಂಪರೆ. ಎರಡನೆಯದು ಜ್ಞಾನ ನಿರ್ವಹಣೆ ಎಂಬ ಹೆಸರಿನಲ್ಲಿ ಆಡಳಿತ ಶಾಸ್ತ್ರ ಮತ್ತು ಗಣಕ ತಂತ್ರಜ್ಞಾನದ ಮಡಿಲಲ್ಲಿ ಬೆಳೆದ ಪರಂಪರೆ. ಎರಡೂ ಹೊರಟದ್ದು ಒಂದೇ ಪ್ರಶ್ನೆಯಿಂದ: ಒಬ್ಬರಿಗೆ ತಿಳಿದದ್ದು ಅದರ ಅಗತ್ಯವಿರುವ ಇನ್ನೊಬ್ಬರನ್ನು ತಲುಪುವುದು ಹೇಗೆ?

ಪ್ರಶ್ನೆ ಒಂದೇ ಆದರೂ ಉತ್ತರ ಹುಡುಕಿದವರು ಬೇರೆ ಬೇರೆಯಾದರು. ಸಂಗ್ರಹಿಸುವ ತಂತ್ರಾಂಶಕ್ಕೆ ಧಾರಾಳವಾಗಿ ಹಣ ಹೂಡಿದ ಸಂಸ್ಥೆಗಳು, ಸಂಗ್ರಹವನ್ನು ಪಾಲಿಸುವ ವೃತ್ತಿಯ ಕಡೆ ಅಷ್ಟು ಗಮನ ಹರಿಸಲಿಲ್ಲ. ಜ್ಞಾನ ನಿರ್ವಹಣೆಯ ಯೋಜನೆಗಳು ಎಡವುವುದು ಬಹುಪಾಲು ಇಲ್ಲಿಯೇ ಎಂಬುದು ಈ ಲೇಖನದ ವಾದ.

ಮಾತಿಗೆ ಸಿಗದ ತಿಳಿವು

ಮೈಕೆಲ್ ಪೊಲಾನಿ 1966ರಲ್ಲಿ ಪ್ರಕಟಿಸಿದ ‘ದಿ ಟ್ಯಾಸಿಟ್ ಡೈಮೆನ್ಷನ್’ ಕೃತಿಯಲ್ಲಿ ಮನುಷ್ಯನ ತಿಳಿವಿನ ದೊಡ್ಡ ಪಾಲು ಮಾತಿಗೆ ನಿಲುಕದೆ ಉಳಿಯುತ್ತದೆ ಎಂದು ವಾದಿಸಿದರು. ಈ ವಿಚಾರವನ್ನು ಸಂಸ್ಥೆಗಳ ಅಧ್ಯಯನಕ್ಕೆ ತಂದವರಲ್ಲಿ ಪ್ರಮುಖರು ಜಪಾನಿನ ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ತಕೆಉಚಿ. 1995ರ ಅವರ ಗ್ರಂಥದಲ್ಲಿ ಬರುವ ಮತ್ಸುಶಿತ ಕಂಪನಿಯ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೆನೆಯಬೇಕು. 1980ರ ದಶಕದ ನಡುವೆ ಆ ಕಂಪನಿ ಮನೆಯಲ್ಲೇ ಬ್ರೆಡ್ ತಯಾರಿಸುವ ಯಂತ್ರವೊಂದನ್ನು ರೂಪಿಸುತ್ತಿತ್ತು. ಯಂತ್ರ ಹಿಟ್ಟನ್ನು ನಾದುತ್ತಿತ್ತು, ಆದರೆ ಬ್ರೆಡ್ಡಿನ ಹೊರಭಾಗ ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಎಷ್ಟು ಅಳೆದು ನೋಡಿದರೂ ಕಾರಣ ಗೊತ್ತಾಗಲಿಲ್ಲ. ಆಗ ತಂಡದ ತಂತ್ರಾಂಶ ತಜ್ಞೆ ಇಕುಕೊ ತನಾಕಾ ಅವರು ಒಳ್ಳೆಯ ಬ್ರೆಡ್ಡಿಗೆ ಹೆಸರಾಗಿದ್ದ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರಿಯವರ ಬಳಿ ಶಿಷ್ಯವೃತ್ತಿಗೆ ಹೋದರು. ಆತ ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಲೂ ಇದ್ದುದನ್ನು ಗಮನಿಸಿದರು. ಆ ಚಲನೆಯನ್ನು ಯಂತ್ರದೊಳಗೆ ತರಲು ಪಾತ್ರೆಯ ಒಳಮೈಗೆ ವಿಶೇಷ ಏಣುಗಳನ್ನು ಕೂಡಿಸಲಾಯಿತು. ಯಂತ್ರ ಗೆದ್ದಿತು.

ಈ ಪ್ರಸಂಗವನ್ನು ಆಡಳಿತ ಶಾಸ್ತ್ರದ ಪಠ್ಯಗಳು ಮತ್ತೆ ಮತ್ತೆ ಹೇಳುತ್ತವೆ. ಅದರಲ್ಲಿರುವ ಒಂದು ಸಂಗತಿ ಮಾತ್ರ ಸಾಮಾನ್ಯವಾಗಿ ಕಣ್ತಪ್ಪುತ್ತದೆ. ಬೇಕರಿಯವರ ಕೈಯಲ್ಲಿದ್ದ ಕೌಶಲ ತಾನಾಗಿ ಯಂತ್ರಕ್ಕೆ ಬರಲಿಲ್ಲ. ಆ ಕೈಯನ್ನು ನೋಡಿ, ಕಂಡದ್ದನ್ನು ಎಂಜಿನಿಯರುಗಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬಲ್ಲ ಮಧ್ಯವರ್ತಿಯೊಬ್ಬರು ಬೇಕಾದರು. ತನಾಕಾ ಬೇಕರಿಯವರೂ ಅಲ್ಲ, ಯಂತ್ರಶಿಲ್ಪಿಯೂ ಅಲ್ಲ. ಎರಡೂ ಕಡೆಯ ಭಾಷೆ ಕಲಿತವರು. ಮಾಹಿತಿ ವೃತ್ತಿಪರರ ಕೆಲಸದ ತಿರುಳು ಇದೇ.

ಜ್ಞಾನ ನಿರ್ವಹಣೆಯ ಕಲ್ಪನೆಯನ್ನೇ ಒಪ್ಪದ ವಿದ್ವಾಂಸರೂ ಇದ್ದಾರೆ. ಬ್ರಿಟನ್ನಿನ ಮಾಹಿತಿ ವಿಜ್ಞಾನಿ ಟಿ. ಡಿ. ವಿಲ್ಸನ್ 2002ರ ತಮ್ಮ ಪ್ರಬಂಧದಲ್ಲಿ, ಜ್ಞಾನವಿರುವುದು ಮನುಷ್ಯನ ತಲೆಯೊಳಗೆ, ಅದನ್ನು ಯಾರೂ ನಿರ್ವಹಿಸಲಾಗದು, ನಿರ್ವಹಿಸಬಹುದಾದದ್ದು ಮಾಹಿತಿಯನ್ನು ಮತ್ತು ಕೆಲಸದ ಪರಿಸರವನ್ನು ಮಾತ್ರ ಎಂದು ಕಟುವಾಗಿ ಬರೆದರು. ವಿಲ್ಸನ್ ಹೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದರಿಂದ ನಮ್ಮ ವೃತ್ತಿಯ ಬೆಲೆ ಇನ್ನಷ್ಟು ಹೆಚ್ಚುತ್ತದೆ. ತಲೆಯೊಳಗಿನ ಜ್ಞಾನವನ್ನು ಹೊರಗೆ ತೆಗೆದಿಡಲು ಸಾಧ್ಯವಿಲ್ಲ ಎನ್ನುವುದಾದರೆ, ಯಾರ ತಲೆಯೊಳಗೆ ಏನಿದೆ ಎಂಬ ಸೂಚಿ, ಬರಹಕ್ಕೆ ಇಳಿದಷ್ಟರ ವಿಶ್ವಾಸಾರ್ಹತೆ, ಇಬ್ಬರು ಪರಸ್ಪರ ಭೇಟಿಯಾಗುವ ದಾರಿ, ಇವು ಮೂರೇ ಸಂಸ್ಥೆಯ ಕೈಯಲ್ಲಿ ಉಳಿಯುತ್ತವೆ. ಮೂರೂ ಗ್ರಂಥಪಾಲಕರು ಬಲ್ಲ ಕೆಲಸಗಳೇ.

ಇನ್ಫೋಸಿಸ್ ಅನುಭವ

1990ರ ದಶಕದ ಕೊನೆಗೆ ಇನ್ಫೋಸಿಸ್ ತನ್ನ ಬಿಡಿ ಪ್ರಯತ್ನಗಳನ್ನು ಕೂಡಿಸಿ ಕಂಪನಿಯಾದ್ಯಂತ ಹಬ್ಬಿದ ಜ್ಞಾನ ನಿರ್ವಹಣಾ ಕಾರ್ಯಕ್ರಮವನ್ನು ರೂಪಿಸಿತು. ಸಿಬ್ಬಂದಿ ಶರವೇಗದಲ್ಲಿ ಬೆಳೆಯುತ್ತಿದ್ದ ಕಾಲವದು. ಕೆಲಸಗಾರರು ಒಂದು ಯೋಜನೆಯಿಂದ ಇನ್ನೊಂದಕ್ಕೆ, ಒಂದು ಊರಿನಿಂದ ಇನ್ನೊಂದಕ್ಕೆ ಸಾಗುತ್ತಲೇ ಇದ್ದರು. ಒಂದು ತಂಡ ಬಿಡಿಸಿದ ತೊಡಕಿನ ಮುಂದೆಯೇ ಇನ್ನೊಂದು ತಂಡ ಮತ್ತೆ ತಲೆ ಕೆಡಿಸಿಕೊಂಡು ಕೂರಬಾರದು ಎಂಬ ಕಾಳಜಿ ನ್ಯಾಯವಾದದ್ದೇ. ‘ಕೆಶಾಪ್’ ಎಂಬ ಜಾಲತಾಣ ಸಿದ್ಧವಾಯಿತು. ಬರೆದವರಿಗೆ, ಪರಿಶೀಲಿಸಿದವರಿಗೆ ‘ನಾಲೆಡ್ಜ್ ಕರೆನ್ಸಿ ಯೂನಿಟ್’ ಎಂಬ ಅಂಕಗಳು ಸಿಗತೊಡಗಿದವು. ಅವುಗಳಿಗೆ ಬದಲಾಗಿ ಬಹುಮಾನ ಪಡೆಯಬಹುದಿತ್ತು.

ಮುಂದೆ ನಡೆದದ್ದನ್ನು ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ‘ಎಂಐಎಸ್ ಕ್ವಾರ್ಟರ್ಲಿ’ ಪತ್ರಿಕೆಯಲ್ಲಿ ವಿಶ್ಲೇಷಿಸಿದ್ದಾರೆ. ಅಂಕಗಳ ಆಕರ್ಷಣೆಯಿಂದ ಬರಹಗಳು ಒಮ್ಮೆಲೇ ಹರಿದುಬಂದವು. ಪರಿಶೀಲಕರ ಮೇಲೆ ಹೊರೆ ಬಿತ್ತು. ಗುಣಮಟ್ಟದ ಬಗ್ಗೆ ಸಂಶಯ ಹುಟ್ಟಿತು. ಹಿಂದೆ ಏನನ್ನೂ ಬಯಸದೆ ಹಂಚಿಕೊಳ್ಳುತ್ತಿದ್ದ ರೂಢಿಗೆ ಲೆಕ್ಕಾಚಾರದ ಸೋಂಕು ತಗಲುವ ಅಪಾಯ ಕಾಣಿಸಿತು. ಸಂಗ್ರಹ ಹೆಚ್ಚಿದರೆ ಬಳಕೆ ಹೆಚ್ಚುತ್ತದೆ, ಬಳಕೆ ಹೆಚ್ಚಿದರೆ ಕೊಡುಗೆ ಹೆಚ್ಚುತ್ತದೆ ಎಂಬ ಸತ್‌ಚಕ್ರವೇ ವಿಷಚಕ್ರವಾಗಿ ತಿರುಗಬಲ್ಲದು ಎಂಬುದು ಆ ಅಧ್ಯಯನದ ಮುಖ್ಯ ತೀರ್ಮಾನ. ಕಂಪನಿ ಇದನ್ನು ಬೇಗನೆ ಗುರುತಿಸಿತು ಎಂಬುದು ಮೆಚ್ಚಬೇಕಾದ ಮಾತು. ಹಣದ ಒತ್ತನ್ನು ತಗ್ಗಿಸಿ, ಬರಹ ಓದುಗರಿಗೆ ಎಷ್ಟು ಉಪಯೋಗವಾಯಿತು ಎಂಬುದಕ್ಕೆ ಹೆಚ್ಚು ತೂಕ ಕೊಟ್ಟು, ಪರಿಶೀಲನೆಯನ್ನು ಬಿಗಿಗೊಳಿಸಿ ದಾರಿ ತಿದ್ದಿಕೊಂಡಿತು.

ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗೆ ಈ ಕಥೆ ಹೊಸದೆನಿಸುವುದಿಲ್ಲ. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುತ್ತದೆ. ಐದನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಕರೆಯುತ್ತದೆ. ಬೆಳೆಯುವ ಜೀವಿ ಹೊಸ ಕೋಶಗಳನ್ನು ಪಡೆದಂತೆ ಹಳೆಯವನ್ನು ಬಿಡುತ್ತದೆ. ಸಂಗ್ರಹದಿಂದ ಏನನ್ನು ತೆಗೆಯಬೇಕು ಎಂಬ ವಿವೇಚನೆಯೂ ಏನನ್ನು ಸೇರಿಸಬೇಕು ಎಂಬಷ್ಟೇ ಮುಖ್ಯ. ಪುಸ್ತಕ ಆಯ್ಕೆ, ಸಂಗ್ರಹ ಮೌಲ್ಯಮಾಪನ, ನಿರುಪಯುಕ್ತವಾದದ್ದರ ವಿಲೇವಾರಿ ನಮ್ಮ ಪಠ್ಯಕ್ರಮದಲ್ಲಿ ದಶಕಗಳಿಂದ ಇರುವ ಪಾಠಗಳು. ಸಾವಿರಾರು ಬರಹಗಳು ಹರಿದುಬರುವ ಬಾಗಿಲಲ್ಲಿ ಇಂಥ ತರಬೇತಿ ಪಡೆದವರು ನಿರ್ಣಯಾಧಿಕಾರದೊಂದಿಗೆ ನಿಂತಿದ್ದರೆ ಪ್ರವಾಹಕ್ಕೆ ಮೊದಲೇ ಒಡ್ಡು ಸಿಗುತ್ತದೆ. ವಿಷಯ ತಜ್ಞರು ತಮ್ಮ ದಿನದ ಕೆಲಸದ ನಡುವೆ ಮಾಡುವ ಪರಿಶೀಲನೆ ಅಗತ್ಯ, ಆದರೆ ಸಾಲದು.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಅಮೆರಿಕದ ಜೆರಾಕ್ಸ್ ಕಂಪನಿಯ ‘ಯುರೇಕಾ’ ವ್ಯವಸ್ಥೆ. ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ನಕಲು ಯಂತ್ರಗಳ ರಿಪೇರಿ ಕೆಲಸಗಾರರ ಜೊತೆ ಓಡಾಡಿ ನಡೆಸಿದ ಅಧ್ಯಯನ 1996ರಲ್ಲಿ ಪುಸ್ತಕವಾಗಿ ಬಂತು. ಕೈಪಿಡಿಯಲ್ಲಿಲ್ಲದ ತೊಂದರೆಗಳನ್ನು ಆ ಕೆಲಸಗಾರರು ಕಾಫಿ, ಊಟದ ಹೊತ್ತಿನ ಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಪರಿಹರಿಸುತ್ತಿದ್ದರು. ಯುರೇಕಾ ಆ ಮಾತುಗಳನ್ನೇ ಪುಟ್ಟ ಸಲಹೆಗಳ ರೂಪದಲ್ಲಿ ದಾಖಲಿಸಿತು. ಪ್ರತಿ ಸಲಹೆಯನ್ನೂ ಅದೇ ವೃತ್ತಿಯ ಅನುಭವಿಗಳು ಪರೀಕ್ಷಿಸಿದ ಮೇಲೆಯೇ ಸೇರಿಸಲಾಗುತ್ತಿತ್ತು. ಸಲಹೆಯ ಜೊತೆಗೆ ಕೊಟ್ಟವರ ಹೆಸರು ಇರುತ್ತಿತ್ತು. ಹಣದ ಬಹುಮಾನಕ್ಕಿಂತ ಸಹೋದ್ಯೋಗಿಗಳ ನಡುವಿನ ಗೌರವವೇ ಇಲ್ಲಿ ಕೆಲಸ ಮಾಡಿತು. ಬರೆದವರ ಹೆಸರನ್ನು ಉಳಿಸುವುದು ಸೂಚೀಕರಣದ ಹಳೆಯ ನಿಯಮಗಳಲ್ಲೊಂದು. ಅದರಿಂದ ಕೃತಿಗೆ ಹೊಣೆಗಾರಿಕೆ ಬರುತ್ತದೆ, ಸಂಶಯವಿದ್ದವರು ಯಾರನ್ನು ಕೇಳಬೇಕೆಂಬುದೂ ಗೊತ್ತಾಗುತ್ತದೆ.

ಇದ್ದೂ ಇಲ್ಲದಂತಾಗುವ ಮಾಹಿತಿ

2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಒಡೆದು, ಕರ್ನಾಲಿನ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ಸತ್ತರು. ಉಡಾವಣೆಯ ವೇಳೆ ಹೊರ ಇಂಧನ ತೊಟ್ಟಿಯಿಂದ ಕಳಚಿದ ನೊರೆಯ ತುಂಡು ಎಡರೆಕ್ಕೆಗೆ ಬಡಿದಿತ್ತು. ಆ ಬಗ್ಗೆ ಎಂಜಿನಿಯರುಗಳಲ್ಲಿ ಆತಂಕವಿತ್ತು, ಲೆಕ್ಕಾಚಾರಗಳೂ ನಡೆದಿದ್ದವು. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ತೋರಿಸಿದಂತೆ, ನಿರ್ಣಾಯಕವಾದ ಸಂಗತಿ ಒಂದು ಪ್ರಾತ್ಯಕ್ಷಿಕೆಯ ಪುಟದ ತಳದಲ್ಲಿ, ಉಪಾಂಶಗಳ ನಡುವೆ ಹೂತುಹೋಗಿತ್ತು. 1986ರ ಚಾಲೆಂಜರ್ ನೌಕೆಯ ದುರಂತದ ಪಾಠಗಳು ನಾಸಾ ಸಂಸ್ಥೆಯ ನಡವಳಿಕೆಗೆ ಇಳಿದಿರಲಿಲ್ಲವೆಂದೂ ಅದೇ ಮಂಡಳಿ ಹೇಳಿತು. ಆ ಹೊತ್ತಿಗೆ ನಾಸಾದಲ್ಲಿ ಕಲಿತ ಪಾಠಗಳ ದತ್ತಸಂಚಯ ವರ್ಷಗಳಿಂದ ಇತ್ತು. ಅಮೆರಿಕದ ಲೆಕ್ಕಪರಿಶೋಧನಾ ಕಚೇರಿ 2002ರಲ್ಲೇ ಅದರ ಬಳಕೆ ಸಾಲದೆಂದು ಎಚ್ಚರಿಸಿತ್ತು.

ಮಾಹಿತಿ ಇರುವುದು ಬೇರೆ, ಅದು ನಿರ್ಧಾರ ಕೈಗೊಳ್ಳುವವರ ಮುಂದೆ ಸರಿಯಾದ ತೂಕದೊಂದಿಗೆ ನಿಲ್ಲುವುದು ಬೇರೆ. ಸಾರಲೇಖನ, ವಿಷಯ ಶೀರ್ಷಿಕೆ, ಮುಖಗಳಾಗಿ ಬಿಡಿಸಿ ನೋಡುವ ವರ್ಗೀಕರಣ ಇವೆಲ್ಲ ಎರಡನೆಯದಕ್ಕಾಗಿಯೇ ಬೆಳೆದ ವಿದ್ಯೆಗಳು. ರಂಗನಾಥನ್ 1933ರ ದ್ವಿಬಿಂದು ವರ್ಗೀಕರಣದಿಂದ ಬೆಳೆಸಿದ ಪದ್ಧತಿ ಯಾವ ವಿಷಯವನ್ನೇ ಆದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳಲ್ಲಿ ಬಿಡಿಸುತ್ತದೆ. ಒಂದು ಸಂಸ್ಥೆಯ ಯೋಜನಾ ವರದಿಗೆ ಇದನ್ನು ಅನ್ವಯಿಸಿ ನೋಡಿದರೆ ಅದರ ಬಲ ತಿಳಿಯುತ್ತದೆ. ಯಾವ ಯಂತ್ರ, ಯಾವ ಲೋಹ, ಯಾವ ಪ್ರಕ್ರಿಯೆಯಲ್ಲಿ ದೋಷ, ಯಾವ ಘಟಕದಲ್ಲಿ, ಯಾವಾಗ ಎಂಬ ಐದರಲ್ಲಿ ಯಾವ ತುದಿ ಹಿಡಿದು ಹೊರಟರೂ ಅದೇ ವರದಿ ಸಿಗುತ್ತದೆ. ಒಂದೇ ಕಡತದೊಳಗೆ ಒಂದೇ ಹೆಸರಿನಲ್ಲಿ ಮುಚ್ಚಿಟ್ಟ ವರದಿಗೆ ಈ ಅನುಕೂಲವಿಲ್ಲ.

ಇಂದು ಸಂಸ್ಥೆಗಳು ತಮ್ಮ ದಾಖಲೆಗಳನ್ನೆಲ್ಲ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳಿಗೆ ಒಪ್ಪಿಸಿ, ಕೇಳಿದ ತಕ್ಷಣ ಉತ್ತರ ಪಡೆಯಲು ಹಂಬಲಿಸುತ್ತಿವೆ. ಹಂಬಲ ತಪ್ಪಲ್ಲ. ಆದರೆ ಹೊಸ ಸುತ್ತೋಲೆಯಿಂದ ರದ್ದಾದ ಹಳೆಯ ಸುತ್ತೋಲೆ ಅದೇ ಕಪಾಟಿನಲ್ಲಿ ಯಾವ ಗುರುತೂ ಇಲ್ಲದೆ ಉಳಿದಿದ್ದರೆ ಯಂತ್ರ ಅದನ್ನೂ ಅಷ್ಟೇ ವಿಶ್ವಾಸದಿಂದ ಮುಂದಿಡಬಲ್ಲದು. ಯಾವ ಪ್ರತಿ ಅಧಿಕೃತ, ಯಾವುದು ಕರಡು, ಯಾವುದು ಕಾಲಾತೀತ ಎಂದು ಗುರುತು ಹಾಕುವ ಕೆಲಸ ಹಿಂದೆಂದಿಗಿಂತ ಈಗ ಹೆಚ್ಚು ತುರ್ತಿನದು.

ಸರ್ಕಾರಿ ಕಚೇರಿಯ ಕಡೆಗೆ

ಜ್ಞಾನ ನಿರ್ವಹಣೆ ದೊಡ್ಡ ಕಂಪನಿಗಳ ಸಂಗತಿಯೆಂದು ಭಾವಿಸುವುದು ಸರಿಯಲ್ಲ. ಅದರ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದು ಸರ್ಕಾರಿ ಕಚೇರಿಗಳಲ್ಲಿ. ಅಧಿಕಾರಿಗಳಿಗೆ ವರ್ಗಾವಣೆ ಸಾಮಾನ್ಯ. ಒಂದು ಕೆರೆಯ ಒತ್ತುವರಿ ವ್ಯಾಜ್ಯದ, ಒಂದು ಕುಡಿಯುವ ನೀರಿನ ಯೋಜನೆಯ ಪೂರ್ವಾಪರ ಗೊತ್ತಿರುವುದು ಹಲವು ಸಲ ಕಡತ ನಿರ್ವಹಿಸುವ ಕೇಸ್ ವರ್ಕರ್ ಒಬ್ಬರಿಗೆ. ಅವರು ನಿವೃತ್ತರಾದ ದಿನ ಕಡತ ಉಳಿಯುತ್ತದೆ, ಕಡತವನ್ನು ಓದುವ ಬಗೆ ಹೊರಟುಹೋಗುತ್ತದೆ. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಕುರ್ಚಿ, ಕಪಾಟು, ಬಾಕಿ ಕಡತಗಳ ಲೆಕ್ಕ ಇರುತ್ತದೆ. ಅನುಭವದ ಕಾಲಂ ಇರುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಪರವಾಗಿಯೇ ಇದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಎ) ಪ್ರಕರಣ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಕ್ರಮಬದ್ಧವಾಗಿ ಪಟ್ಟಿಮಾಡಿ, ಸೂಚಿ ಸಿದ್ಧಪಡಿಸಿ ಇಡಬೇಕೆನ್ನುತ್ತದೆ. ಅರ್ಜಿಗಳಿಗೆ ಉತ್ತರಿಸುವ ಸಾರ್ವಜನಿಕ ಮಾಹಿತಿ ಅಧಿಕಾರಿಯ ಬಗ್ಗೆ ಅದು ವಿವರವಾಗಿ ಮಾತನಾಡುತ್ತದೆ, ಸೂಚಿ ತಯಾರಿಸುವವರ ಅರ್ಹತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಂದ್ರ ಸರ್ಕಾರದ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ದಾಖಲೆ ಅಧಿಕಾರಿಯ ಹುದ್ದೆಯನ್ನು ಹೆಸರಿಸುತ್ತದಾದರೂ ಆ ಹೊಣೆ ಇತರ ಕೆಲಸಗಳ ಮೇಲೆ ಹೇರಿದ ಹೆಚ್ಚುವರಿ ಹೊಣೆಯಾಗುವುದನ್ನು ತಡೆಯುವುದಿಲ್ಲ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಪದವೀಧರರು ಉದ್ಯೋಗಕ್ಕಾಗಿ ಅಲೆಯುತ್ತಿರುವ ರಾಜ್ಯದಲ್ಲಿ, ಅವರ ವಿದ್ಯೆಯೇ ಬೇಕಾದ ಕೆಲಸ ಹೀಗೆ ಖಾಲಿ ಬಿದ್ದಿರುವುದು ನೋವಿನ ಸಂಗತಿ.

ವೃತ್ತಿಯವರಾದ ನಮ್ಮಲ್ಲೂ ಬದಲಾಗಬೇಕಾದದ್ದಿದೆ. ವಾಚನಾಲಯದಲ್ಲಿ ಓದುಗರ ದಾರಿ ಕಾಯುವ ಗ್ರಂಥಪಾಲಕರು ಯೋಜನೆಯ ಮೊದಲ ಸಭೆಯಲ್ಲಿ ಕೂರುವುದನ್ನು ಕಲಿಯಬೇಕು. ನಿವೃತ್ತರಾಗುವವರನ್ನು ಸಂದರ್ಶಿಸುವ, ಅವರ ಅನುಭವವನ್ನು ಮುಂದಿನವರಿಗೆ ತಿಳಿಯುವಂತೆ ಬರೆಯುವ ಕೌಶಲವನ್ನು ನಮ್ಮ ವಿಶ್ವವಿದ್ಯಾಲಯಗಳು ಪ್ರಾಯೋಗಿಕ ಪಾಠವಾಗಿ ಕಲಿಸಬೇಕು. ಕನ್ನಡದಲ್ಲಿ ನಡೆಯುವ ಆಡಳಿತಕ್ಕೆ ಕನ್ನಡದ ವಿಷಯ ಶೀರ್ಷಿಕೆಗಳ ಅಧಿಕೃತ ಪಟ್ಟಿ ಬೇಕು. ಒತ್ತುವರಿ, ಪೋಡಿ, ಬಗರ್‌ಹುಕುಂ ಮುಂತಾದ ಕಂದಾಯ ಪದಗಳನ್ನು ಪರಸ್ಪರ ಜೋಡಿಸುವ ಪದಕೋಶವನ್ನು ಹೊರನಾಡಿನ ಯಾವ ತಂತ್ರಾಂಶ ಕಂಪನಿಯೂ ತಯಾರಿಸಿ ಕೊಡುವುದಿಲ್ಲ.

ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2018ರಲ್ಲಿ ಜ್ಞಾನ ನಿರ್ವಹಣೆಗೆಂದೇ ಐಎಸ್ಒ 30401 ಮಾನಕವನ್ನು ಪ್ರಕಟಿಸಿದೆ. ಪ್ರಮಾಣಪತ್ರಕ್ಕಾಗಿ ಇನ್ನೊಂದು ಜಾಲತಾಣ ಕಟ್ಟುವ ಮೊದಲು ಪ್ರತಿ ಸಂಸ್ಥೆಯೂ, ಪ್ರತಿ ಇಲಾಖೆಯೂ ತರಬೇತಿ ಪಡೆದ ಒಬ್ಬ ಮಾಹಿತಿ ವೃತ್ತಿಪರರನ್ನಾದರೂ ಪೂರ್ಣಾವಧಿಗೆ ನೇಮಿಸಲಿ. ಬರಹವನ್ನು ಸ್ವೀಕರಿಸುವ, ತಿರಸ್ಕರಿಸುವ, ಹಳತಾದದ್ದನ್ನು ತೆಗೆದುಹಾಕುವ ಅಧಿಕಾರವನ್ನು ಲಿಖಿತ ಆದೇಶದ ಮೂಲಕ ಅವರಿಗೆ ಕೊಡಲಿ.