ತಿಂಡಿಗೆ ಸಿಗೋಣ

ಕನ್ನಡದಲ್ಲಿ ತಿನ್ನುವುದು ಬೇರೆ, ಉಣ್ಣುವುದು ಬೇರೆ. ಮುದ್ದೆ ಉಣ್ಣುತ್ತೇವೆ, ಅನ್ನ-ಸಾರು ಉಣ್ಣುತ್ತೇವೆ. ದೋಸೆ ತಿನ್ನುತ್ತೇವೆ, ಬಾಳೆಹಣ್ಣು ತಿನ್ನುತ್ತೇವೆ, ಕಡಲೆಕಾಯಿ ತಿನ್ನುತ್ತೇವೆ. ಉಣ್ಣುವುದಕ್ಕೆ ಊಟ, ತಿನ್ನುವುದಕ್ಕೆ ತಿಂಡಿ. ಬೆಂಗಳೂರಿನ ಗೆಳೆಯರ ಗುಂಪುಗಳಲ್ಲಿ ಶುಕ್ರವಾರ ರಾತ್ರಿಯಿಂದಲೇ 'ಸಂಡೇ ಬ್ರಂಚ್‌ಗೆ ಸಿಗೋಣವಾ?' ಎಂಬ ಮೆಸೇಜು ಓಡಾಡಲು ಶುರುವಾಗುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ಈ ಎರಡು ಕ್ರಿಯಾಪದಗಳು ನೆನಪಾಗುತ್ತವೆ. ಬ್ರಂಚನ್ನು ಯಾರೂ ಉಣ್ಣುವುದೂ ಇಲ್ಲ, ತಿನ್ನುವುದೂ ಇಲ್ಲ. 'ಬ್ರಂಚ್ ಮಾಡಿದ್ವಿ' ಅನ್ನುತ್ತಾರೆ. ಭಾಷೆಗೆ ಹೊಸದಾಗಿ ಬಂದ ಪದಕ್ಕೆ ತನ್ನದೇ ಕ್ರಿಯಾಪದ ಸಿಗುವ ತನಕ 'ಮಾಡು' ಅದನ್ನು ಸಾಕುತ್ತದೆ.

ಬ್ರೇಕ್‌ಫಾಸ್ಟನ್ನೂ ಲಂಚನ್ನೂ ಕೂಡಿಸಿದ ಬ್ರಂಚ್ ಎಂಬ ಈ ಪದ ಹುಟ್ಟಿದ ಕಥೆ ಚೆನ್ನಾಗಿದೆ. 1895ರಲ್ಲಿ ಇಂಗ್ಲೆಂಡಿನ 'ಹಂಟರ್ಸ್ ವೀಕ್ಲಿ' ಎಂಬ ಪತ್ರಿಕೆಯಲ್ಲಿ ಗೈ ಬೆರಿಂಜರ್ ಎಂಬ ಲೇಖಕ ಬ್ರಂಚಿನ ಪರವಾಗಿ ಒಂದು ಪ್ರಬಂಧ ಬರೆದ. ಭಾನುವಾರ ಚರ್ಚಿನಿಂದ ಬಂದು ಹೊಟ್ಟೆ ಬಿರಿಯುವಂತೆ ಉಣ್ಣುವುದರ ಬದಲು, ಹೊತ್ತೇರಿದ ಮೇಲೆ ಕಾಫಿಯಿಂದಲೋ ಟೀಯಿಂದಲೋ ಶುರುಮಾಡಿ, ನಾಲ್ಕು ಜನ ಹರಟುತ್ತ ತಿನ್ನಬಾರದೇ ಎಂಬುದು ಅವನ ವಾದ. ಶನಿವಾರ ರಾತ್ರಿ ತಡವಾಗಿ ಮಲಗಿದವರು ಭಾನುವಾರ ಬೇಗ ಏಳಬೇಕಾದ ಕಷ್ಟವೂ ಇದರಿಂದ ತಪ್ಪುತ್ತದೆ ಎಂದ. ಮರುವರ್ಷ 'ಪಂಚ್' ಪತ್ರಿಕೆ ಈ ಪದವನ್ನು ಎತ್ತಿಕೊಂಡು, ಆಕ್ಸ್‌ಫರ್ಡಿನವರು ಮಾಡಿಕೊಂಡಿದ್ದ ಒಂದು ಭೇದವನ್ನೂ ದಾಖಲಿಸಿತು. ಬೆಳಗಿನ ಹೊತ್ತಿಗೆ ಹತ್ತಿರವಾದರೆ ಅದು ಬ್ರಂಚ್, ಮಧ್ಯಾಹ್ನಕ್ಕೆ ಹತ್ತಿರವಾದರೆ ಬ್ಲಂಚ್. ಬ್ಲಂಚ್ ಉಳಿಯಲಿಲ್ಲ. ಆದರೆ ಗಡಿಯಾರದ ಮುಳ್ಳು ಒಂದಿಷ್ಟು ಸರಿದರೆ ತಿನ್ನುವುದರ ಹೆಸರೇ ಬದಲಾಗಬೇಕು ಎಂಬ ಆ ಯೋಚನೆ ಮಾತ್ರ ಬ್ರಂಚ್ ಎಂಬ ಪದದ ಒಳಗೇ ಉಳಿದುಕೊಂಡಿದೆ. ಅದು ಹೊತ್ತಿನ ಹೆಸರು. ತಟ್ಟೆಯಲ್ಲಿ ಏನಿದೆ ಎಂದು ಅದು ಹೇಳುವುದಿಲ್ಲ.

ತಿಂಡಿಯ ಸ್ವಭಾವ ಇದಕ್ಕೆ ಪೂರ್ತಿ ವಿರುದ್ಧ. ಶನಿವಾರ ಒಪ್ಪೊತ್ತು ಮಾಡುವ ಮನೆಗಳನ್ನು ನೋಡಿ. ಮಧ್ಯಾಹ್ನ ಒಂದು ಊಟ, ರಾತ್ರಿ ಅನ್ನ ಮುಟ್ಟುವಂತಿಲ್ಲ. ಹಾಗಾದರೆ ರಾತ್ರಿಗೇನು? ತಿಂಡಿ. ಉಪ್ಪಿಟ್ಟೋ, ಅವಲಕ್ಕಿಯೋ, ಚಪಾತಿಯೋ. ರಾತ್ರಿ ಎಂಟೂವರೆಗೆ ತಿಂದರೂ ಅದು ತಿಂಡಿಯೇ. ಏಕಾದಶಿಯ ಫಲಾಹಾರ ಬಾಯಲ್ಲಿ ಸವೆದು 'ಫಲಾರ' ಆಯಿತು, ಎಷ್ಟೋ ಮನೆಗಳಲ್ಲಿ ಫಲವೇ ಇಲ್ಲದ ಉಪ್ಪಿಟ್ಟು ಅದರ ಜಾಗದಲ್ಲಿ ಕೂತಿತು. ದೀಪಾವಳಿಗೆ ಡಬ್ಬಿ ತುಂಬುವ ಚಕ್ಕುಲಿ, ಕೋಡುಬಳೆಯೂ ತಿಂಡಿ. ಮಗು ಅಂಗಡಿಯ ಮುಂದೆ ಹಟ ಹಿಡಿದು ಕೇಳುವುದೂ ತಿಂಡಿ. ಅಕ್ಕಿ ಅನ್ನವಾಗಿ ಬೆಂದರೆ ಊಟ, ಅದೇ ಅಕ್ಕಿ ರುಬ್ಬಿ ಹುದುಗಿ ಇಡ್ಲಿಯಾದರೆ ತಿಂಡಿ. ಹೊತ್ತಿಗೂ ಇದಕ್ಕೂ ಸಂಬಂಧವಿಲ್ಲ.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ದಿನದ ಕ್ರಮ ಹೇಗಿತ್ತು ಎಂದು ಹಿರಿಯರನ್ನು ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬೆಳಗ್ಗೆ ಎದ್ದು ಒಂದು ಲೋಟ ಕಾಫಿ. ಕಚೇರಿ, ಸ್ಕೂಲು ಹತ್ತೂವರೆ ಹನ್ನೊಂದಕ್ಕೆ. ಆದ್ದರಿಂದ ಒಂಬತ್ತೂವರೆ ಹತ್ತಕ್ಕೆಲ್ಲ ಎಲೆ ಹಾಕಿ ಹುಳಿ, ಅನ್ನ, ಮಜ್ಜಿಗೆಯ ಪೂರ್ತಿ ಊಟ. ತಿಂಡಿ ಎಂಬುದು ಮೂರು ನಾಲ್ಕು ಗಂಟೆಯ ಸಂಗತಿ, ಸ್ಕೂಲಿನಿಂದ ಬಂದ ಮಕ್ಕಳು ಕೈಕಾಲು ತೊಳೆದು ಕೂತಾಗ ಸಿಗುವಂಥದ್ದು. ಅಂದರೆ ಇವತ್ತು ಬ್ರಂಚ್ ಬಂದು ಕೂತಿರುವ ಹೊತ್ತಿನಲ್ಲಿ ನಮ್ಮ ಅಜ್ಜ-ಅಜ್ಜಿಯರು ಊಟವನ್ನೇ ಮುಗಿಸಿರುತ್ತಿದ್ದರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಇಂದಿಗೂ ಬೆಳಗಿನ ಪಾಳಿ ಮುಗಿಸಿ ಬಾಗಿಲು ಹಾಕಿ, ಮಧ್ಯಾಹ್ನ ಮತ್ತೆ ತೆರೆಯುತ್ತದೆ. ಊಟದ ಹೊತ್ತಿಗೆ ಮುಚ್ಚಿಕೊಳ್ಳುವ ಹೋಟೆಲು ತಿಂಡಿಯ ಎರಡೂ ಹೊತ್ತನ್ನು ನೆನಪಿಟ್ಟುಕೊಂಡಂತಿದೆ.

ಆ ಹೋಟೆಲು ಶುರುವಾದದ್ದು 1943ರಲ್ಲಿ. ಸುತ್ತಲಿನ ವಿದ್ಯಾರ್ಥಿಗಳಿಗೆ ಎಂದು ಶುರುವಾಯಿತು, ಹೆಸರೂ ಹಾಗೇ ನಿಂತಿತು. ಅದಕ್ಕೂ ಮೊದಲು, 1924ರಲ್ಲಿ, ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು ತೆರೆದದ್ದು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ಆಯಿತು. ಮಲ್ಲೇಶ್ವರದಲ್ಲಿ ಸೆಂಟ್ರಲ್ ಟಿಫಿನ್ ರೂಮ್. ಅದರ ಬೋರ್ಡು ಶ್ರೀ ಸಾಗರ್ ಎಂದು ಬದಲಾಗಿ ಎಷ್ಟೋ ಕಾಲವಾದರೂ ಜನರ ಬಾಯಲ್ಲಿ ಅದು ಸಿಟಿಆರ್. ಟಿಫಿನ್ ಎಂಬುದು ಇಂಡಿಯಾದಲ್ಲಿದ್ದ ಇಂಗ್ಲಿಷರು ಮಧ್ಯಾಹ್ನದ ಹಗುರ ಊಟಕ್ಕೆ ಇಟ್ಟ ಹೆಸರು. ನಮ್ಮ ಹೋಟೆಲಿನವರು ಆ ಹೆಸರನ್ನು ಬೋರ್ಡಿನ ಮೇಲೆ ಬರೆಸಿದರು, ಒಳಗೆ ಬಡಿಸಿದ್ದು ತಿಂಡಿಯನ್ನು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದಾದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು. ಇವತ್ತು ರವೆ ಇಡ್ಲಿ ಇಲ್ಲದ ತಿಂಡಿಯ ಪಟ್ಟಿಯೇ ಅಪರೂಪ. ಅಭಾವದ ದಿನ ಹುಟ್ಟಿದ್ದು ಸುಭಿಕ್ಷದ ದಿನಕ್ಕೂ ಉಳಿಯಬೇಕಾದರೆ ಅದನ್ನು ಮಾಡಿದ ಕೈ ಎಂಥದ್ದಿರಬೇಕು! ನನಗೆ ಆ ಅಡುಗೆಯವರ ಮೇಲೆ ದೊಡ್ಡ ಗೌರವವಿದೆ.

ಮನೆಯಲ್ಲಿ ತಿಂಡಿ, ಬೋರ್ಡಿನ ಮೇಲೆ ಟಿಫಿನ್, ಆಮಂತ್ರಣ ಪತ್ರಿಕೆಯಲ್ಲಿ ಉಪಾಹಾರ. ಈ ಮೂರನೆಯದರ ಬಗ್ಗೆ ಒಂದು ಮಾತು. ಉಪಾಹಾರ ಎಂದರೆ ಲಘು ಆಹಾರ, ಉಪಹಾರ ಎಂದರೆ ಕಾಣಿಕೆ. ನಗರದ ಎಷ್ಟೋ ಬೋರ್ಡುಗಳಲ್ಲಿ ಒಂದು ದೀರ್ಘ ಬಿದ್ದುಹೋಗಿ 'ಉಪಹಾರ ಮಂದಿರ' ಎಂದಾಗಿರುವುದನ್ನು ನೋಡುತ್ತೇವೆ. ಬೋರ್ಡು ಬರೆಸುವವರು ದಯವಿಟ್ಟು ಆ ದೀರ್ಘವನ್ನು ಹಾಕಿಸಬೇಕು. ಇಲ್ಲವಾದರೆ ಯಾರೂ ತಪ್ಪು ಮಾಡಲಾಗದ 'ತಿಂಡಿ' ಎಂದೇ ಬರೆಸಲಿ. ಸಜ್ಜನರಾವ್ ವೃತ್ತದ ಹತ್ತಿರದ ಬೀದಿಯನ್ನು ಜನ ತಿಂಡಿ ಬೀದಿ ಎಂದೇ ಕರೆದರು, ಹೆಸರು ಎಷ್ಟು ಗಟ್ಟಿಯಾಗಿ ನಿಂತಿದೆ!

ಧಾರವಾಡ, ಹುಬ್ಬಳ್ಳಿ ಕಡೆ ಹೋದರೆ 'ನಾಷ್ಟಾ ಆತೇನ್ರೀ?' ಎಂದು ಕೇಳುತ್ತಾರೆ. ನಾಷ್ಟಾ ಪಾರಸಿಯಿಂದ ಬಂದದ್ದು, ಬೆಳಗಿನಿಂದ ಏನೂ ತಿಂದಿಲ್ಲ ಎಂಬ ಅರ್ಥ ಅದರ ಬೇರಿನಲ್ಲಿದೆ. ಇಂಗ್ಲಿಷಿನ ಬ್ರೇಕ್‌ಫಾಸ್ಟ್ ಕೂಡ ಉಪವಾಸ ಮುರಿಯುವ ಮಾತೇ. ಕರಾವಳಿಯಲ್ಲಿ 'ಚಾ ಆಯ್ತಾ?' ಎಂದರೆ ನೀರುದೋಸೆಯೂ ಅದರೊಳಗೆ ಸೇರಿತು.

ತಿಂಡಿ ಎಂಬ ಪದ ಮಂಡ್ಯ, ರಾಮನಗರದ ಕಡೆ ಜಗಳಕ್ಕೂ ಒದಗುತ್ತದೆ. 'ಏನೋ, ತಿಂಡಿನಾ ನಿಂಗೆ?' ಎಂದು ಒಬ್ಬ ತೋಳೇರಿಸಿದರೆ ಅವನು ಇಡ್ಲಿಯ ವಿಷಯ ಕೇಳುತ್ತಿಲ್ಲ. ಮೈಗೆ ಹತ್ತಿದ ನವೆಗೂ ತಿಂಡಿ ಎನ್ನುತ್ತಾರೆ, ಸುಮ್ಮನಿರಲಾರದೆ ಕೆಣಕುವ ಬುದ್ಧಿಗೂ ಅದೇ ಹೆಸರು. ನಾಲಗೆಯ ಆಸೆ, ಚರ್ಮದ ತುರಿಕೆ, ಮನಸ್ಸಿನ ಕಿಡಿಗೇಡಿತನ ಮೂರನ್ನೂ ಒಂದೇ ಪದದಲ್ಲಿ ಹಿಡಿದ ಜನ ದೇಹವನ್ನು ಚೆನ್ನಾಗಿ ಬಲ್ಲವರು.

ಆದರೆ ನನ್ನನ್ನು ಹೆಚ್ಚು ಕಾಡುವುದು 'ತಿಂಡಿ ಆಯ್ತಾ?' ಎಂಬ ದಿನನಿತ್ಯದ ಮಾತು. ಬೀದಿಯಲ್ಲಿ ಎದುರಾದ ಪರಿಚಯದವರನ್ನು ಹೀಗೆ ಕೇಳಿದರೆ, ತಿಂದಿರಾ ಎಂದರ್ಥ. ಅದು ಕುಶಲ ಪ್ರಶ್ನೆ. ಅದೇ ಮಾತನ್ನು ಹಜಾರದಿಂದ ಅಡುಗೆಮನೆಯ ಕಡೆ ಕೂಗಿ ಕೇಳಿದರೆ, ಬೇಯಿಸಿ ಮುಗಿಯಿತೇ, ತಟ್ಟೆ ಹಾಕಬಹುದೇ ಎಂದರ್ಥ. ಅದು ತಗಾದೆ. 'ತಿಂಡಿ ಮಾಡು' ಎಂಬುದೂ ಹೀಗೆಯೇ. 'ಅಪ್ಪ ತಿಂಡಿ ಮಾಡಿದರು' ಎಂದರೆ ಎಷ್ಟೋ ಮನೆಗಳಲ್ಲಿ ಅಪ್ಪ ತಿಂದರು ಎಂದು ತಿಳಿಯುತ್ತೇವೆ. 'ಅಮ್ಮ ತಿಂಡಿ ಮಾಡಿದಳು' ಎಂದರೆ ಅಮ್ಮ ಬೇಯಿಸಿದಳು ಎಂದು. ಪದ ಒಂದೇ, ವಾಕ್ಯದ ಕಟ್ಟೂ ಒಂದೇ. ಅರ್ಥವನ್ನು ತೀರ್ಮಾನಿಸುವುದು ಕರ್ತೃಪದ ಗಂಡೋ ಹೆಣ್ಣೋ ಎಂಬುದು. ವ್ಯಾಕರಣದ ಪುಸ್ತಕದಲ್ಲಿ ಈ ನಿಯಮ ಇಲ್ಲ. ಮನೆಗಳು ಅದನ್ನು ಬರೆದಿವೆ.

ಭಾನುವಾರದ ಬೆಳಗ್ಗೆ ಇದು ಇನ್ನೂ ಹೆಚ್ಚು. ವಾರವೆಲ್ಲ ಅವಸರದ ಚಿತ್ರಾನ್ನ, ಭಾನುವಾರ ಸಾವಕಾಶದ ದೋಸೆ. ಸಾವಕಾಶ ತಿನ್ನುವವರಿಗೆ. ಮಾಡುವವಳು ಹಿಂದಿನ ದಿನವೇ ನೆನೆಹಾಕಿ, ರುಬ್ಬಿ, ಬೆಳಗ್ಗೆ ಪಲ್ಯ-ಚಟ್ನಿ ಮುಗಿಸಿ, ಒಬ್ಬೊಬ್ಬರು ಎದ್ದು ಬಂದ ಹಾಗೆ ಒಂದೊಂದಾಗಿ ಹುಯ್ದು, ಕೊನೆಯ ದೋಸೆಯನ್ನು ಕಾವಲಿಯ ಪಕ್ಕದಲ್ಲೇ ನಿಂತು ತಿನ್ನುತ್ತಾಳೆ. ನಮ್ಮ ಬಾಲ್ಯದಲ್ಲಿ ಹೋಟೆಲ್ ತಿಂಡಿ ಎಂದರೆ ಬಾಳೆಲೆಯಲ್ಲಿ ಸುತ್ತಿ, ಪೇಪರಿನಲ್ಲಿ ಕಟ್ಟಿ, ದಾರ ಬಿಗಿದು ಅಪ್ಪ ತಂದ ಮಸಾಲೆದೋಸೆ. ಹೆಂಗಸರು ಹೋಟೆಲಿಗೆ ಹೋಗಿ ಕೂರುವುದು ಅಪರೂಪ. ಹೋದರೂ ಒಳಗಿನ ಫ್ಯಾಮಿಲಿ ರೂಮಿನಲ್ಲಿ, ಗಂಡನೊಂದಿಗೆ, ಮಕ್ಕಳೊಂದಿಗೆ. ನಾಲ್ಕು ಜನ ಗೆಳತಿಯರು ಭಾನುವಾರ ಬೆಳಗ್ಗೆ ಮನೆ ಬಿಟ್ಟು ತಿಂಡಿಗೆ ಹೊರಡುವುದಕ್ಕೆ ಆ ಕಾಲದ ಮಾತಿನಲ್ಲಿ ಹೆಸರೇ ಇರಲಿಲ್ಲ.

ಆ ಕಾರಣಕ್ಕೇ ನಾನು ಬ್ರಂಚ್ ಎಂಬ ಪದವನ್ನು ಹೊರಗೆ ನಿಲ್ಲಿಸಲಾರೆ. ಅದು ನಮ್ಮಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. 'ಬ್ರಂಚ್ ಇದೆ' ಎಂದು ಹೇಳಿ ಒಬ್ಬ ಹೆಂಗಸು ಹನ್ನೊಂದಕ್ಕೆ ಮನೆಯಿಂದ ಹೊರಟರೆ, ಅದಕ್ಕೊಂದು ಕಾರ್ಯಕ್ರಮದ ಮರ್ಯಾದೆ ಬರುತ್ತದೆ. ಮನೆಯವರು ಅಷ್ಟಾಗಿ ಪ್ರಶ್ನೆ ಕೇಳುವುದಿಲ್ಲ. ಎರಡನೆಯದಾಗಿ, ಅದು ಕುರ್ಚಿ ಕೊಡುತ್ತದೆ, ಹೊತ್ತು ಕೊಡುತ್ತದೆ. ಇಂದಿರಾನಗರದಲ್ಲೋ ಲ್ಯಾವೆಲ್ ರಸ್ತೆಯಲ್ಲೋ ಬ್ರಂಚಿಗೆ ಕೂತವರನ್ನು ಯಾರೂ ಏಳಿಸುವುದಿಲ್ಲ. ಮೊಟ್ಟೆ, ಬ್ರೆಡ್ಡು, ಹಣ್ಣು, ಕಾಫಿ, ಮತ್ತೆ ಕಾಫಿ. ಸ್ಟಾರ್ ಹೋಟೆಲುಗಳಲ್ಲಾದರೆ ಊಟದ ಸಾಲೇ ಸಾಲು, ಮಧ್ಯಾಹ್ನ ಇಳಿಯುವ ತನಕ. ದರ ಎಲ್ಲರ ಕೈಗೆ ಎಟುಕುವಂಥದ್ದಲ್ಲ, ಅದು ನಿಜ. ಆದರೆ ಅಲ್ಲಿ ಕೂತ ಗೆಳೆಯರು ಒಬ್ಬರ ಮಾತನ್ನು ಇನ್ನೊಬ್ಬರು ಕೊನೆಯ ತನಕ ಕೇಳುತ್ತಾರೆ. ಭಾನುವಾರ ಒಂಬತ್ತು ಗಂಟೆಗೆ ಬಸವನಗುಡಿಯ ಹೋಟೆಲಿನಲ್ಲಿ ಇದು ಸಾಧ್ಯವಿಲ್ಲ. ನಿಮ್ಮ ಕುರ್ಚಿಯ ಬೆನ್ನಿಗೆ ಕೈಯಿಟ್ಟುಕೊಂಡು ಇನ್ನೊಂದು ಸಂಸಾರ ಕಾಯುತ್ತಿರುತ್ತದೆ. ದರ್ಶಿನಿಗಳಲ್ಲಿ ಕುರ್ಚಿಯೇ ಇಲ್ಲ.

ಹಾಗೆಂದು ತಿಂಡಿಯ ಗೆಳೆತನ ಸೋತಿಲ್ಲ. ಅದು ಹೋಟೆಲಿನ ಒಳಗಿಂತ ಹೊರಗೆ ಹೆಚ್ಚು ಬದುಕುತ್ತದೆ. ಭಾನುವಾರ ಬೆಳಗ್ಗೆ ಲಾಲ್‌ಬಾಗಿನಲ್ಲಿ ನಡೆದು ಬಂದ ಗುಂಪುಗಳು ಎಂಟಿಆರ್ ಎದುರು ಹೆಸರು ಬರೆಸಿ ಕಾಯುತ್ತವೆ. ಆ ಕಾಯುವ ಹೊತ್ತಿನಲ್ಲಿ ಮಗಳ ಮದುವೆ, ಮಂಡಿನೋವು, ಊರಿನ ಜಮೀನು ಎಲ್ಲ ಮಾತಾಗಿ ಮುಗಿಯುತ್ತದೆ. ಭಾನುವಾರವೇ ಸಿಗುವ ಚಂದ್ರಹಾರವೆಂಬ ಸಿಹಿಯ ಆಸೆಗೆ ಬಂದವರೂ ಅಲ್ಲಿರುತ್ತಾರೆ. ವಿದ್ಯಾರ್ಥಿ ಭವನದಲ್ಲಿ ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬರುವ ಬಡಿಸುವವರನ್ನು ಮಕ್ಕಳು ಬಾಯಿ ತೆರೆದು ನೋಡುತ್ತವೆ. ತಿಂದು ಹೊರಬಂದವರು ಫುಟ್‌ಪಾತಿನಲ್ಲಿ, ಸ್ಕೂಟರಿಗೆ ಒರಗಿ, ಬೈಟೂ ಕಾಫಿ ಹಿಡಿದು ಇನ್ನೊಂದು ಗಂಟೆ ನಿಲ್ಲುತ್ತಾರೆ. ಬೈಕಿನ ಹುಡುಗರು ಕತ್ತಲಿರುವಾಗಲೇ ಮೈಸೂರು ರಸ್ತೆ ಹಿಡಿದು ಬಿಡದಿಯ ತಟ್ಟೆ ಇಡ್ಲಿಗೋ, ಇನ್ನೂ ಉತ್ಸಾಹವಿದ್ದರೆ ಮೈಸೂರಿನ ಮೈಲಾರಿ ಹೋಟೆಲಿನ ದೋಸೆಗೋ ಹೋಗುತ್ತಾರೆ. ಎಲ್ಲರೂ ಒಂದೇ ಮಾತಿನಲ್ಲಿ ಹೊರಟವರು: 'ತಿಂಡಿಗೆ ಹೋಗೋಣ ಬಾರೋ.'

ಬ್ರಂಚಿಗೆ ಕನ್ನಡದಲ್ಲಿ ಒಂದು ಪದ ಬೇಕೆಂದು ಕೆಲವರು ತಿಂಡಿಯನ್ನೂ ಊಟವನ್ನೂ ಕೂಡಿಸಿ 'ತಿಂಡೂಟ' ಎನ್ನುತ್ತಾರೆ. ಸಂಧಿ ಸರಿಯಾಗಿದೆ, ಕಿವಿಗೂ ಇಂಪಾಗಿದೆ, ಬಳಕೆಗೆ ಬಂದರೆ ನನಗೆ ಸಂತೋಷ. ಬಾರದಿದ್ದರೂ ಕೊರತೆಯಿಲ್ಲ. ಬಸ್ಸು, ಕಾರು, ಹೋಟೆಲು ಎಲ್ಲವೂ ಕೊನೆಗೊಂದು ಉಕಾರ ಹಾಕಿಕೊಂಡು ಒಳಗೆ ಬಂದವು. 'ಬ್ರಂಚು' ಕೂಡ ಬರಬಹುದು. ಅಜ್ಜಿಯೊಬ್ಬಳು ಮೊಮ್ಮಗನಿಗೆ 'ಬ್ರಂಚು ಆಯ್ತೇನೋ?' ಎಂದು ಕೇಳುವ ದಿನ ಅದು ನಮ್ಮದಾಯಿತು ಎಂದುಕೊಳ್ಳುತ್ತೇನೆ. ಅಲ್ಲಿಯವರೆಗೆ ಅದು ರೆಸ್ಟೊರೆಂಟಿನ ಮೆನುವಿನಲ್ಲಿ ಬಾಳಲಿ.

ಓದುಗರಲ್ಲಿ ನನ್ನದೊಂದು ಕೋರಿಕೆ. ಬರುವ ಭಾನುವಾರ 'ತಿಂಡಿ ಆಯ್ತಾ?' ಎಂಬ ಮಾತನ್ನು ಅಡುಗೆಮನೆಯ ಕಡೆಗೂ ಕುಶಲ ಪ್ರಶ್ನೆಯಾಗಿಯೇ ಕೇಳಿ. ಇನ್ನೂ ಇಲ್ಲ ಎಂದರೆ ಒಲೆ ಆರಿಸಿ, ಅವಳ ಗೆಳತಿಯರಿಗೂ ಫೋನು ಮಾಡಿಸಿ, ಅವರನ್ನು ತಿಂಡಿಗೆ ಕಳಿಸಿ. ಅವರು ಬೇಕೆಂದರೆ ಮಾತ್ರ ನೀವೂ ಹೋಗಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಭಾನುವಾರ ಎರಡೂ ತೆರೆದಿರುತ್ತವೆ, ಏಳು ಗಂಟೆಗೆ ಹೋದರೆ ಕಾಯುವುದು ಕಡಿಮೆ.